ಚಿಕ್ಕವ್ವ ಯಂತ್ರವನ್ನು ಕೇಳಿದ ಮಳೆಗಾಲ

ಮೊನ್ನೆ ಮಳವಳ್ಳಿಯಲ್ಲಿ ಬಸ್ಸಿಳಿದು, ಒಡೆದ ಫೋನಿನ ಗಾಜು ಬದಲಿಸಲು ಒಂದು ಅಂಗಡಿಗೆ ಹೋಗಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಸೀಸ ಕರಗುವ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಅಂಗಡಿಯವನ ಮೇಲಲ್ಲ, ಪಾಪ ಅವನೇನು ಮಾಡಿದ್ದ. ಹೋದ ವರ್ಷದ ಮಳೆಗಾಲವಿಡೀ ನಾನು ಈ ವಾಸನೆಯ ಮೇಲೇ ಕೂತು ಕೆಲಸ ಮಾಡಿದವಳು. ಮಳೆಯ ವಾಸನೆಗೆ ಕೆಲವರಿಗೆ ಊರು ನೆನಪಾಗುತ್ತದೆ, ಕೆಲವರಿಗೆ ಪ್ರೀತಿಸಿದವರು ನೆನಪಾಗುತ್ತಾರೆ. ನನಗೆ ಬೆಸುಗೆಯ ವಾಸನೆಗೆ ಒಂದು ಯಂತ್ರ ನೆನಪಾಗುತ್ತದೆ, ಅದಕ್ಕೆ ಮಾತು ಕಲಿಸಿದ ನನ್ನ ದಡ್ಡತನ ನೆನಪಾಗುತ್ತದೆ.

ಮದ್ದೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ಪಾಠ ಮಾಡಿದ್ದೆ. ಮಕ್ಕಳು ಸೇರುತ್ತಿಲ್ಲವೆಂದು ಆಡಳಿತ ಮಂಡಳಿಯವರು ವಿಭಾಗವನ್ನೇ ಮುಚ್ಚಿ, ಒಂದು ಶಾಲು, ಒಂದು ಬುಟ್ಟಿ ಹಣ್ಣು ಕೊಟ್ಟು ಮನೆಗೆ ಕಳಿಸಿದರು. ಹಣ್ಣು ಮುಗಿಯುವ ಮೊದಲೇ ನಯಾಜ್ ಫೋನ್ ಮಾಡಿದ. ನಯಾಜ್ ನನ್ನ ಹಳೆಯ ವಿದ್ಯಾರ್ಥಿ, ಮಳವಳ್ಳಿಯವನು, ಈಗ ಮೂವತ್ತು ದಾಟಿದೆ. ಮನೆಯಲ್ಲೇ ಕೂತು ಹೊರಗಿನ ಕಂಪನಿಗಳಿಗೆ ಪ್ರೋಗ್ರಾಮ್ ಬರೆದುಕೊಡುತ್ತಿದ್ದ.

“ಮೇಡಂ, ಒಂದು ಕೆಲ್ಸ ಸಿಕ್ಕದೆ. ಕನ್ನಡ ಬರೋರು ಬೇಕಂತೆ,” ಎಂದ.

“ನಿನಗೇ ಬರುತ್ತಲ್ಲಪ್ಪ.”

“ನಂಗೆ ಬರೋ ಕನ್ನಡ ಅಲ್ವಂತೆ. ನೀವು ಕ್ಲಾಸಲ್ಲಿ ಮಾತಾಡ್ತಿದ್ರಲ್ಲ, ಅದು ಬೇಕಂತೆ.”

ಆಗ ಅದನ್ನು ಹೊಗಳಿಕೆ ಅಂದುಕೊಂಡೆ.

ಅವನ ಅಣ್ಣನ ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯೇ ನಮ್ಮ ಆಫೀಸು. ಎರಡು ಮೇಜು, ಒಂದು ಕಿಟಕಿ, ಕೆಳಗಿನಿಂದ ಮೆಟ್ಟಿಲು ಹತ್ತಿ ಬರುವ ಬೆಸುಗೆಯ ಹೊಗೆ. ಕೆಲಸ ಕೊಟ್ಟ ಕಂಪನಿ ಯಾವ ದೇಶದ್ದೆಂದು ಕೊನೆಯವರೆಗೂ ನನಗೆ ಸರಿಯಾಗಿ ಗೊತ್ತಾಗಲಿಲ್ಲ. ವಾರಕ್ಕೊಮ್ಮೆ ಒಬ್ಬ ಮ್ಯಾನೇಜರ್ ಪರದೆಯ ಮೇಲೆ ಬರುತ್ತಿದ್ದ. ಅವನ ಬೆನ್ನ ಹಿಂದೆ ಸದಾ ಒಂದು ಸಮುದ್ರ ಕಾಣುತ್ತಿತ್ತು, ಅದೂ ನಿಜವಾದ ಸಮುದ್ರವಲ್ಲವಂತೆ.

ನಾವು ಕಟ್ಟಬೇಕಾದದ್ದು ಇಷ್ಟು. ಬ್ಲಾಕ್‌ಚೈನ್ ಎಂಬ ಒಂದು ಬಹಿರಂಗ ಕಡತ ಇಂಟರ್ನೆಟ್ಟಿನಲ್ಲಿದೆ. ಅದರಲ್ಲಿ ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ತಮಗೆ ತೋಚಿದ ಹೆಸರಿಟ್ಟು ಒಂದು ಟೋಕನ್, ಅಂದರೆ ಕೈಗೆ ಸಿಗದ ಒಂದು ಬಗೆಯ ನಾಣ್ಯ, ಹುಟ್ಟಿಸಬಹುದು, ಅದನ್ನು ಜನಕ್ಕೆ ಮಾರಬಹುದು. ಯಾವ ಟೋಕನ್ ಎಂದು ಹುಟ್ಟಿತು, ಎಷ್ಟು ಜನರ ಬಳಿ ಇದೆ, ಕೊಂಡವರು ತಿರುಗಿ ಮಾರಬಲ್ಲರೋ ಇಲ್ಲವೋ, ಎಲ್ಲವೂ ಕಡತದಲ್ಲಿ ತೆರೆದೇ ಇರುತ್ತದೆ. ಆದರೆ ಅದು ಓದಲು ಬರುವವರಿಗೆ ಮಾತ್ರ. ನಮ್ಮ ಏಜೆಂಟ್ ಎಂಬ ಯಂತ್ರ, ಅಂದರೆ ಮಾತಾಡುವ ಒಂದು ಪ್ರೋಗ್ರಾಮ್, ಅದನ್ನು ಓದಿ ಹೇಳಬೇಕು. ಫೋನಿನಲ್ಲಿ ಗುಂಡಿ ಒತ್ತಿ ಕನ್ನಡದಲ್ಲಿ ಟೋಕನ್ನಿನ ಹೆಸರು ಹೇಳಿದರೆ, ಅದು ಕಡತಕ್ಕೆ ಹೋಗಿ ಹುಡುಕಿ, ಬಂದು ಕನ್ನಡದಲ್ಲೇ ಉತ್ತರ ಹೇಳಬೇಕು. ಹುಡುಕುವ ಭಾಗವನ್ನೂ ಅದು ಆಡುವ ಕನ್ನಡದ ವಾಕ್ಯಗಳನ್ನೂ ನಾನು ಬರೆದೆ, ಉಳಿದದ್ದನ್ನು ನಯಾಜ್ ಬರೆದ.

ಇದನ್ನು ಆ ವರ್ಷ ಎಷ್ಟು ಜನಕ್ಕೆ ವಿವರಿಸಿದೆನೋ ಲೆಕ್ಕವಿಲ್ಲ, ಒಬ್ಬರಿಗೂ ತಲೆಗೆ ಹೋಗಲಿಲ್ಲ. ಮದ್ದೂರು–ಮಳವಳ್ಳಿ ಬಸ್ಸಿನ ಕಂಡಕ್ಟರು ದಿನಾ ನನ್ನನ್ನು ನೋಡಿ ನೋಡಿ, ಒಂದು ದಿನ ಏನು ಕೆಲಸ ಎಂದು ಕೇಳಿದರು. ಟೋಕನ್ ವಿಚಾರ ತಿಳಿಸುವ ಯಂತ್ರ ಮಾಡ್ತಿದ್ದೀವಿ ಎಂದೆ.

“ಒಳ್ಳೇ ಕೆಲ್ಸ ಬುಡಿ. ಆಸ್ಪತ್ರೇಲಿ ಬೆಳಗ್ಗೆ ಆರು ಗಂಟೆಗೇ ಟೋಕನ್ ಮುಗುದೋಯ್ತದೆ. ನಮ್ಮವ್ವನ್ನ ಕರ್ಕೊಂಡೋಗಿ ಮೂರು ಸಲ ವಾಪಸ್ ಬಂದಿವ್ನಿ,” ಎಂದರು.

ಕಬ್ಬಿನ ಲಾರಿಯವರಿಗೆ ಟೋಕನ್ ಅಂದರೆ ಕಾರ್ಖಾನೆಯ ಗೇಟಿನದು. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರಿಗೆ ಅಕ್ಕಿಯದು. ನಮ್ಮ ಜಿಲ್ಲೆಯಲ್ಲಿ ಟೋಕನ್ ಅಂದರೆ ಕೈಯಲ್ಲಿ ಹಿಡಿದು ಸರದಿಗೆ ಕಾಯುವ ಚೀಟಿ, ಅದಕ್ಕೆ ಪ್ರತಿಯಾಗಿ ಏನಾದರೊಂದು ಸಿಕ್ಕೇ ಸಿಗುತ್ತದೆ. ಏನೂ ಸಿಗದ ಟೋಕನ್ ಇರುತ್ತದೆಂದು ನಂಬಿಸುವುದು ಹೇಗೆ?

ಆಷಾಢದಲ್ಲಿ ಶುರುವಾದ ಸೋನೆ ಶ್ರಾವಣ ಕಳೆದರೂ ಬಿಡಲಿಲ್ಲ. ನಾಲೆಗೆ ನೀರು ಬಿಟ್ಟಿದ್ದರು, ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಕಡೆ ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಅವರ ಕೆಲಸ ದಿನದಿನಕ್ಕೆ ಮುಂದೆ ಹೋಗುತ್ತಿತ್ತು, ನಮ್ಮದು ಹಿಂದೆ. ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು. ಸಂಪರ್ಕ ಕಡಿದಾಗ ‘ಗೊತ್ತಿಲ್ಲ’ ಎನ್ನಬೇಕಾದ ಯಂತ್ರ ಸುಮ್ಮನಿರದೆ, ಬಾಯಿಗೆ ಬಂದ ಅಂಕಿ ಹೇಳುತ್ತಿತ್ತು. ಅದನ್ನು ನಿಲ್ಲಿಸಲು ಎರಡು ವಾರ ಹಿಡಿಯಿತು. ಅದಾದ ಮೇಲೆ ಇನ್ನೊಂದು. ಆ ಕಡತದಲ್ಲಿ ಪ್ರತಿ ಅಂಕಿಯ ಮುಂದೆ ಹದಿನೆಂಟು ಸೊನ್ನೆ ಸೇರಿಸಿ ಬರೆದಿಡುವ ಪದ್ಧತಿಯುಂಟು, ಓದುವವರು ಅದನ್ನು ಕಳೆದು ಹೇಳಬೇಕು. ನಾನು ಕಳೆಯುವುದನ್ನು ಮರೆತಿದ್ದೆ. ಒಂದು ಮಧ್ಯಾಹ್ನ ಯಂತ್ರ ಒಂದು ಟೋಕನ್ನಿನ ಪ್ರಮಾಣ ಹೇಳುತ್ತೇನೆಂದು ಶುರುಮಾಡಿ ಸೊನ್ನೆ, ಸೊನ್ನೆ, ಸೊನ್ನೆ ಎಂದು ಎಣಿಸುತ್ತಲೇ ಹೋಯಿತು. ಕೆಳಗಿನ ಅಂಗಡಿಯಿಂದ ನಯಾಜನ ಅಣ್ಣ ಬಂದು ಬಾಗಿಲಲ್ಲಿ ನಿಂತು, “ಯಾರ್ಲಾ ಅದು, ಪರೀಕ್ಸೆ ರಿಸಲ್ಟ್ ಓದ್ತಾವ್ನಾ?” ಎಂದು ಕೇಳಿ ಹೋದ.

ಎಲ್ಲಕ್ಕಿಂತ ನನ್ನ ತಾಳ್ಮೆ ಕೆಡಿಸಿದ್ದು ಅದರ ವಿನಯ. ಏನು ಕೇಳಿದರೂ ಮೊದಲು, “ನಿಮ್ಮ ಪ್ರಶ್ನೆ ತುಂಬಾ ಚೆನ್ನಾಗಿದೆ,” ಎನ್ನುತ್ತಿತ್ತು. ತೆಗೆಯೋಣ ಎಂದರೆ ಮ್ಯಾನೇಜರ್ ಒಪ್ಪಲಿಲ್ಲ, ಬಳಸುವವರಿಗೆ ಹಿತವಾಗುತ್ತದಂತೆ.

“ನಮ್ ಕಡೆ ಯಾರಾದ್ರೂ ಪ್ರಶ್ನೆ ಕೇಳಿದ್ರೆ ಚೆನ್ನಾಗದೆ ಅಂತಾರಾ ಮೇಡಂ? ನಿಂಗ್ಯಾಕ್ಲಾ ಅದೆಲ್ಲ ಅಂತಾರೆ,” ಎಂದ ನಯಾಜ್.

ಮ್ಯಾನೇಜರ್ ಇನ್ನೆರಡು ಕಟ್ಟಪ್ಪಣೆ ಮಾಡಿದ. ಉತ್ತರ ಆರು ಸೆಕೆಂಡಿನೊಳಗೆ ಬರಬೇಕು. ಯಂತ್ರ ತಿರುಗಿ ಪ್ರಶ್ನೆ ಕೇಳಕೂಡದು, ಕೇಳಿದರೆ ಅದಕ್ಕೆ ಬುದ್ಧಿ ಕಡಿಮೆ ಎಂದು ಜನ ಅಂದುಕೊಳ್ಳುತ್ತಾರೆ. ಹಾಗಾಗಿ ಹುಡುಕುವ ಭಾಗದಲ್ಲಿ ನಾನೇ ನನ್ನ ಕೈಯಾರೆ ಒಂದು ನಿಯಮ ಬರೆದೆ. ಕೇಳಿಸಿದ ಹೆಸರು ಹಾಗೇ ಸಿಗದಿದ್ದರೆ ಅದಕ್ಕೆ ಹತ್ತಿರದ ಹೆಸರು ತೆಗೆದುಕೊ. ಅಂಥವು ಹಲವು ಇದ್ದರೆ ಎಲ್ಲಕ್ಕಿಂತ ದೊಡ್ಡದನ್ನು ತೆಗೆದುಕೊ. ಎರಡು ಸಾಲು. ಬರೆದು ಟೀ ಕುಡಿಯಲು ಹೋದೆ.

ಚಿಕ್ಕವ್ವ ನಮ್ಮ ಮನೆಗೆ ಬಂದದ್ದು ಗೌರಿ ಹಬ್ಬದ ಮಾರನೆಯ ವಾರ. ಅವಳು ನನ್ನ ಅವ್ವನ ತಂಗಿ ಸಾಕಮ್ಮ. ದುದ್ದದ ಪಕ್ಕದ ಹಳ್ಳಿಯಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿ. ಓದಿದ್ದು ಏಳನೇ ತರಗತಿ. ಹಾಲಿಗೆ ನೀರು ಬೆರೆಸಿದರೆ ಸ್ವಂತ ನಾದಿನಿಯದಾದರೂ ಕ್ಯಾನು ವಾಪಸು ಕಳಿಸುವವಳು. ಅದಕ್ಕೇ ಆ ಊರಿನ ಹೆಂಗಸರು ಗಂಡಂದಿರ ಮಾತಿಗಿಂತ ಅವಳ ಮಾತನ್ನು ನಂಬುತ್ತಾರೆ. ಹಸುವಿಗೆ ಯಾವ ಡಾಕ್ಟರ್, ಮಗಳಿಗೆ ಯಾವ ಕಾಲೇಜು, ಎಲ್ಲಕ್ಕೂ ಮೊದಲು ಡೈರಿಗೆ ಬಂದು ಅವಳನ್ನು ಒಂದು ಮಾತು ಕೇಳಬೇಕು. ಆ ಮಾತೇ ಅವಳ ಆಸ್ತಿ ಎಂದರೆ ತಪ್ಪಾಗಲಾರದು.

“ಅಮ್ಮಿ, ರಾಜಣ್ಣ ಏನೋ ಟೋಕನ್ನು ತಂದವ್ನೆ ಕಣೆ,” ಎಂದಳು ಕಾಲು ಚಾಚಿ ಕೂತು. ರಾಜಣ್ಣ ಅವಳ ಗಂಡನ ಕಡೆಯ ನೆಂಟ, ಮೊದಲು ವಿಮೆ ಮಾಡಿಸುತ್ತಿದ್ದವನು. “ಫೋನಲ್ಲೇ ಕೊಂಡ್ಕಬೇಕಂತೆ. ಬೆಳೀತದಂತೆ. ಎಂಗಸ್ರೆಲ್ಲ ಕುಣೀತಾವ್ರೆ. ನಾನು ಊ ಅಂದ್ರೆ ಆಕ್ತಾರೆ, ಬ್ಯಾಡ ಅಂದ್ರೆ ಬುಡ್ತಾರೆ. ನಂಗೆ ಊ ಅನ್ನಕ್ಕೂ ಗೊತ್ತಿಲ್ಲ, ಬ್ಯಾಡ ಅನ್ನಕ್ಕೂ ಗೊತ್ತಿಲ್ಲ. ನೀನು ಅದನ್ನೇ ಓದಿರೋಳು. ಏನ್ ಮಾಡ್ಲಿ ಯೋಳು.”

ಇಲ್ಲಿ ನಿಂತು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆ ಟೋಕನ್ನಿನ ಹೆಸರೇನು ಎಂದು ಕೇಳಿ, ಅಲ್ಲೇ ಕಂಪ್ಯೂಟರ್ ತೆಗೆದು ನೋಡಿದ್ದರೆ ಐದು ನಿಮಿಷದ ಕೆಲಸ. ನಾನು ನೋಡಲಿಲ್ಲ. ಮೂರು ತಿಂಗಳು ಒದ್ದಾಡಿದ ಯಂತ್ರ ಆಗಷ್ಟೇ ನೆಟ್ಟಗೆ ನಿಂತಿತ್ತು, ಪರೀಕ್ಷೆಗೆಂದು ಒಂದಷ್ಟು ಪರಿಚಯದವರಿಗೆ ಅದರ ನಂಬರು ಕೊಡುತ್ತಿದ್ದೆವು. ನನ್ನ ಚಿಕ್ಕವ್ವನ ಮುಂದೆ ಅದನ್ನು ಮೆರೆಸುವ ಚಪಲ ನನಗೆ.

“ನನ್ನನ್ನೇನು ಕೇಳ್ತೀಯ ಚಿಕ್ಕವ್ವ, ನಾನು ಮಾಡಿರೋ ಮೆಶೀನನ್ನೇ ಕೇಳು. ಅದು ಸುಳ್ಳು ಹೇಳಲ್ಲ,” ಎಂದು ಅವಳ ಫೋನಿಗೆ ನಂಬರು ಹಾಕಿಕೊಟ್ಟೆ. ಗುಂಡಿ ಒತ್ತುವುದನ್ನು ಎರಡು ಸಲ ತೋರಿಸಿದೆ. ಅವಳು ಫೋನನ್ನು ಸೆರಗಿನಲ್ಲಿ ಒರೆಸಿ ಚೀಲದಲ್ಲಿಟ್ಟುಕೊಂಡಳು.

ಒಂದು ವಾರವಾದ ಮೇಲೆ, ಶುಕ್ರವಾರ, ಅವಳೇ ಫೋನ್ ಮಾಡಿದಳು. “ಕೇಳ್ದೆ ಕಣಮ್ಮಿ. ಚೆಂದಾಗಿ ಮಾತಾಡ್ತದೆ ನಿನ್ ಮೆಶೀನು, ರೇಡಿಯೋದೋರು ಮಾತಾಡ್ದಂಗೆ. ಒಳ್ಳೇದು ಅಂತು.” ನನಗೆ ಖುಷಿಯಾಯಿತು. ಏನು ಒಳ್ಳೆಯದು, ಯಾವುದು ಒಳ್ಳೆಯದು ಎಂದು ಕೇಳಬೇಕೆಂದು ಆಗಲೂ ಹೊಳೆಯಲಿಲ್ಲ. ಯಂತ್ರ ಚೆನ್ನಾಗಿ ಮಾತಾಡಿತಲ್ಲ, ಅಷ್ಟೇ ಸಾಕಾಗಿತ್ತು.

ಭಾನುವಾರ ಮಧ್ಯಾಹ್ನ ಮಳವಳ್ಳಿಯ ಕೋಣೆಯಲ್ಲಿ ಕೂತು ಆ ವಾರ ಜನ ಕೇಳಿದ ಪ್ರಶ್ನೆಗಳ ಧ್ವನಿಗಳನ್ನು ಒಂದೊಂದಾಗಿ ಕೇಳುತ್ತಿದ್ದೆ. ಹೊರಗೆ ಮಳೆ ಜೋರಾಗಿತ್ತು. ಹತ್ತನೆಯದೋ ಹನ್ನೊಂದನೆಯದೋ ಚಿಕ್ಕವ್ವನ ದನಿ. ಹಿಂದೆ ಹಾಲಿನ ಕ್ಯಾನುಗಳ ಸದ್ದು.

“ನಮಸ್ಕಾರ ಕಣಪ್ಪ. ಒನ್ನು ಅಂತ ಟೋಕನ್ನು ಬಂದದಂತೆ. ಒನ್ನು. ಅದ್ರ ವಿಸ್ಯ ವಸಿ ಯೋಳಪ್ಪ.”

ನಕ್ಕುಬಿಟ್ಟೆ. ಯಂತ್ರಕ್ಕೆ ನಮಸ್ಕಾರ ಹೇಳಿದವಳು ಅವಳೊಬ್ಬಳೇ. ಆಮೇಲೆ ಯಂತ್ರದ ಉತ್ತರ ಕೇಳಿದೆ.

“ನಿಮ್ಮ ಪ್ರಶ್ನೆ ತುಂಬಾ ಚೆನ್ನಾಗಿದೆ. ಒನ್ ಟೋಕನ್ ಹಲವು ವರ್ಷಗಳಿಂದ ಚಾಲ್ತಿಯಲ್ಲಿದೆ. ಲಕ್ಷಾಂತರ ಖಾತೆಗಳಲ್ಲಿ ಹಂಚಿಕೆಯಾಗಿದೆ. ಕೊಳ್ಳಲು ಮತ್ತು ಮಾರಲು ಯಾವುದೇ ಅಡ್ಡಿ ಕಂಡುಬಂದಿಲ್ಲ.”

ಎರಡನ್ನೂ ಮತ್ತೊಮ್ಮೆ ಹಾಕಿ ಕೇಳಿದೆ. ಚಿಕ್ಕವ್ವ ಕೇಳಿದ್ದು ಹೊನ್ನು. ನಮ್ಮ ಕಡೆ ಹೊನ್ನು ಯಾರ ಬಾಯಲ್ಲೂ ಹೊನ್ನು ಆಗುವುದಿಲ್ಲ, ಒನ್ನು ಆಗುತ್ತದೆ. ಹಾಲು ಆಲಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ. ಯಂತ್ರಕ್ಕೆ ಒನ್ನು ಸಿಗಲಿಲ್ಲ. ನಾನು ಬರೆದ ಮೊದಲ ಸಾಲಿನಂತೆ ಅದು ಹತ್ತಿರದ ಹೆಸರು ಹುಡುಕಿತು. ಎರಡನೆಯ ಸಾಲಿನಂತೆ, ಎಲ್ಲಕ್ಕಿಂತ ದೊಡ್ಡದನ್ನು ತೆಗೆದುಕೊಂಡಿತು. ಇಂಗ್ಲಿಷಿನಲ್ಲಿ ಒನ್ ಎಂಬ ಹೆಸರಿನ ಯಾವುದೋ ಹಳೆಯ, ದೊಡ್ಡ, ಪರದೇಶದ ಟೋಕನ್. ಅದು ಒನ್ ಎಂದಾಗ ಚಿಕ್ಕವ್ವನಿಗೂ ತನ್ನ ಒನ್ನೇ ಕೇಳಿಸಿತು. ಇಬ್ಬರಿಗೂ ಒಂದಿಷ್ಟೂ ಅನುಮಾನ ಬರಲಿಲ್ಲ.

ನಿಜವಾದ ಹೊನ್ನು ಎಂಬುದನ್ನು ನಾನೇ ಹುಡುಕಿದೆ. ಹುಟ್ಟಿ ನಲವತ್ತು ದಿನ. ಹೆಚ್ಚುಕಮ್ಮಿ ಎಲ್ಲವೂ ಒಬ್ಬನ ಖಾತೆಯಲ್ಲಿ. ಕೊಂಡವರು ಇನ್ನೂರಕ್ಕೂ ಹೆಚ್ಚು, ಮಾರಿದವರು ಒಬ್ಬರೂ ಇಲ್ಲ. ಮಾರಲು ಬಾರದಂತೆ ಅದನ್ನು ಬರೆದಿದ್ದರು.

ನನಗೆ ತಡೆಯಲಾರದ ಕೋಪ ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಮೂರು ತಿಂಗಳು ಆ ಯಂತ್ರವನ್ನು ಪರೀಕ್ಷಿಸಿದ್ದು ನಾನೇ. ನೂರಾರು ಹೆಸರು ಹೇಳಿ ನೋಡಿದ್ದೆ, ಎಲ್ಲವನ್ನೂ ಪಾಠ ಮಾಡುವ ಕನ್ನಡದಲ್ಲಿ. ನಾನೂ ಒನ್ನು ಅನ್ನುತ್ತಲೇ ಬೆಳೆದವಳು. ಮೈಸೂರಿನ ಹಾಸ್ಟೆಲಿನಲ್ಲಿ ನಾನು ‘ಊರಿಗೆ ಓಯ್ತೀನಿ’ ಎಂದಾಗ ಕೋಣೆಯ ಹುಡುಗಿಯರು ಹೊಟ್ಟೆ ಹಿಡಿದು ನಕ್ಕಿದ್ದರು. ಆ ವರ್ಷವೇ ನಾಲಗೆ ತಿದ್ದಿಕೊಂಡೆ. ಎಷ್ಟು ತಿದ್ದಿಕೊಂಡೆನೆಂದರೆ, ಚಿಕ್ಕವ್ವ ಹೇಗೆ ಮಾತಾಡುತ್ತಾಳೆ ಎಂಬುದು ಅವಳಂಥವರಿಗಾಗಿಯೇ ಕಟ್ಟಿದ ಯಂತ್ರವನ್ನು ಪರೀಕ್ಷಿಸುವಾಗಲೂ ನನಗೆ ನೆನಪಾಗಲಿಲ್ಲ.

ಫೋನ್ ಮಾಡಿದೆ, ಸ್ವಿಚ್ ಆಫ್. ಅಲ್ಲಿ ಎರಡು ದಿನದಿಂದ ಕರೆಂಟಿರಲಿಲ್ಲವಂತೆ, ಆಮೇಲೆ ಗೊತ್ತಾಯಿತು. ಡೈರಿಯ ಎದುರು ಮನೆಯವರ ನಂಬರಿತ್ತು. ಅಲ್ಲಿ ಒಬ್ಬಳು ಹುಡುಗಿ ಎತ್ತಿ, “ಸಾಕಮ್ಮತ್ತೆ ಗದ್ದೆತಕ್ಕೆ ಓಗವ್ರೆ. ಸಾಯಂಕಾಲ ಆಲಿನ ಒತ್ತಿಗೆ ರಾಜಣ್ಣ ಬತ್ತಾನಂತೆ, ಎಲ್ರೂ ಫೋನ್ ತಕ್ಕೊಂಡ್ ಬನ್ನಿ ಅಂದವ್ರೆ,” ಎಂದಳು.

ನಯಾಜ್ ಏನೂ ಕೇಳದೆ ಬೈಕಿನ ಕೀಲಿ ತೆಗೆದುಕೊಂಡ. ಮಳವಳ್ಳಿಯಿಂದ ಮಂಡ್ಯ, ಮಂಡ್ಯದಿಂದ ದುದ್ದ, ಅಲ್ಲಿಂದ ಇನ್ನೆರಡು ಮೈಲಿ ಕೆಸರಿನ ದಾರಿ. ಮಳೆ ಎದುರಿನಿಂದ ಹೊಡೆಯುತ್ತಿತ್ತು. ಮಂಡ್ಯ ದಾಟುವಾಗ ಅವನು ಹಿಂದೆ ತಿರುಗಿ ಕೂಗಿ ಹೇಳಿದ, “ಮೇಡಂ, ಆಗ್ಲೇ ಯೋಳ್ಬೇಕಾಗಿತ್ತು ನಾನು. ನಮ್ಮಣ್ಣ ಕೇಳ್ದಾಗ ಅದು ಏನೇನೋ ಅಂತಿತ್ತು. ಅವ್ನ ಕನ್ನಡಾನೇ ಸರಿಯಿಲ್ಲ ಅಂದ್ಕೊಂಡೆ.”

ಹಾಗಾದರೆ ಅವನಿಗೂ ಗೊತ್ತಿತ್ತು. ಅವನನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ.

ಡೈರಿಯ ಮುಂದೆ ಹೆಂಗಸರು ಕ್ಯಾನು ಹಿಡಿದು ಸಾಲು ನಿಂತಿದ್ದರು. ಒಳಗೆ ಚಿಕ್ಕವ್ವ ಹಾಲು ಅಳೆದು ಹಾಕಿಸಿಕೊಳ್ಳುತ್ತಿದ್ದಳು. ಜಗಲಿಯ ಮೇಲೆ ರಾಜಣ್ಣ ಕೂತು ಮೊದಲನೆಯವಳ ಫೋನು ಕೈಯಲ್ಲಿ ಹಿಡಿದಿದ್ದ.

“ರಾಜಣ್ಣ, ನಿಲ್ಲಿಸಿ. ಯಾರೂ ಹಾಕಬೇಡಿ,” ಎಂದೆ. ತರಗತಿಯ ಕೊನೆಯ ಬೆಂಚಿಗೆ ಹೇಳುವ ದನಿಯಲ್ಲಿ ಹೇಳಿದ್ದೆ, ಎಲ್ಲರೂ ತಿರುಗಿದರು.

“ಯಾಕ್ ತಂಗಿ? ನಿನ್ ಮೆಶೀನೇ ಒಳ್ಳೇದು ಅಂದದಂತಲ್ಲ. ನಿಮ್ಮ್ ಚಿಕ್ಕವ್ವನೇ ನೆನ್ನೆ ಮೊದಲ್ನೇದಾಗಿ ಆಕವ್ಳೆ,” ಎಂದ ರಾಜಣ್ಣ.

ನಾನು ಚಿಕ್ಕವ್ವನನ್ನು ನೋಡಿದೆ. “ಊ ಕಣಮ್ಮಿ,” ಎಂದಳು. “ಎಲ್ರಿಗೂ ಆಕಿ ಅನ್ನೋಕೆ ಮುಂಚೆ ನಾನ್ ಆಕ್ಬೇಡ್ವಾ? ಕಡಸು ಮಾರಿದ್ನಲ್ಲ, ಆ ದುಡ್ಡ ಆಕ್ದೆ.”

ಬಾಯಲ್ಲಿ ಹೇಳಿದರೆ ನಂಬುವುದಿಲ್ಲವೆಂದು ನನ್ನ ಫೋನು ತೆಗೆದು, ಗುಂಡಿ ಒತ್ತಿ, ಎಲ್ಲರಿಗೂ ಕೇಳುವಂತೆ ‘ಹೊನ್ನು’ ಎಂದೆ. ಯಂತ್ರ ಆರು ಸೆಕೆಂಡಿನೊಳಗೆ ಉತ್ತರ ಕೊಟ್ಟಿತು. “ನಿಮ್ಮ ಪ್ರಶ್ನೆ ತುಂಬಾ ಚೆನ್ನಾಗಿದೆ. ಹೊನ್ನು ಟೋಕನ್ ಸೃಷ್ಟಿಯಾಗಿ ನಲವತ್ತು ದಿನಗಳಾಗಿವೆ. ಒಟ್ಟು ಪ್ರಮಾಣದ ಬಹುಪಾಲು ಒಂದೇ ಖಾತೆಯಲ್ಲಿ ಕೇಂದ್ರೀಕೃತವಾಗಿದೆ. ಮಾರಾಟದ ಕಾರ್ಯವು ನಿರ್ಬಂಧಿತವಾಗಿರುವುದು ಕಂಡುಬರುತ್ತದೆ.”

ಸಾಲಿನಲ್ಲಿದ್ದ ಒಬ್ಬಳು ಪಕ್ಕದವಳಿಗೆ, “ತುಂಬ ಚೆನ್ನಾಗದೆ ಅಂತಲ್ಲ, ಒಳ್ಳೇದೇ ಇರ್ಬೇಕು,” ಎಂದಳು.

ತಲೆ ಚಚ್ಚಿಕೊಳ್ಳುವಂತಾಯಿತು. ಇಷ್ಟು ದಿನ ನಾನು ತಿದ್ದಿ ತೀಡಿ ಕೂರಿಸಿದ ವಾಕ್ಯಗಳು ಅವು. ಮ್ಯಾನೇಜರ್ ಮೆಚ್ಚಿಕೊಂಡ ಕನ್ನಡ. ಅಲ್ಲಿ ನಿಂತಿದ್ದ ಒಬ್ಬರಿಗಾದರೂ ಅರ್ಥವಾಗಿರಲಿಲ್ಲ.

“ಏನಂತಮ್ಮಿ ಅದು?” ಚಿಕ್ಕವ್ವ ಕೇಳಿದಳು.

“ಕೊಂಡ್ರೆ ಮಾರಕ್ಕಾಗಲ್ಲ ಕಣ ಚಿಕ್ಕವ್ವ. ಆಕುದ್ರೆ ಓಯ್ತು, ವಾಪಸ್ ಬರಲ್ಲ. ನೀನು ಒನ್ನು ಅಂದಿದ್ದನ್ನ ಅದು ಬ್ಯಾರೆ ಏನೋ ಅಂದ್ಕೊಂಡದೆ. ಅದ್ಕೆ ನಮ್ ಮಾತು ಬರಾಕಿಲ್ಲ. ನಾನು ಕಲ್ಸಿಲ್ಲ,” ಎಂದೆ. ಇಪ್ಪತ್ತು ವರ್ಷಗಳಲ್ಲಿ ಹತ್ತು ಜನರೆದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಎಲ್ಲರಿಗೂ ಅರ್ಥವಾಯಿತು.

ರಾಜಣ್ಣ ಒಪ್ಪಲಿಲ್ಲ. “ಈಗ್ಲೇ ನಂದು ಮಾರಿ ತೋರುಸ್ತೀನಿ ನೋಡು,” ಎಂದು ತನ್ನ ಫೋನು ತೆಗೆದ. ಅವನೂ ಹಾಕಿದ್ದ, ಎಲ್ಲರಿಗಿಂತ ಹೆಚ್ಚಾಗಿ. ಒತ್ತಿದ. ಆಗಲಿಲ್ಲ. “ನೆಟ್‌ವರ್ಕ್ ಇಲ್ಲ,” ಎಂದು ಜಗಲಿಯಿಳಿದು ಮಳೆಯಲ್ಲೇ ರಸ್ತೆಯವರೆಗೂ ಹೋಗಿ ಮತ್ತೆ ಒತ್ತಿದ. ನಾಲ್ಕೈದು ಸಲ ಒತ್ತಿ, ಬಂದು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತ. ಅವನನ್ನು ಬೈಯಲು ಯಾರಿಗೂ ಮನಸ್ಸು ಬರಲಿಲ್ಲ.

ಚಿಕ್ಕವ್ವ ಅಳತೆಯ ಪಾತ್ರೆಯನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ ಸಾಲಿನ ಕಡೆ ನೋಡಿ ಹೇಳಿದಳು, “ನಂದು ಓಯ್ತು. ನಿಮ್ದು ನಿಮ್ತಾವೇ ಅದೆ. ಆಲಾಕಿ ಬನ್ನಿ, ಗಾಡಿ ಬರೋ ಒತ್ತಾಯ್ತು.”

ಹಾಲು ಹಾಕಿಸಿಕೊಂಡು ಮುಗಿದ ಮೇಲೆ, ನಾನು ಹೊರಡುವಾಗ, ಒಂದೇ ಮಾತು ಹೆಚ್ಚಿಗೆ ಆಡಿದಳು. “ಅಲವು ವರ್ಸದಿಂದ ಅದೆ ಅಂತು ಅದು. ರಾಜಣ್ಣ ಒಸದು ಅಂದಿದ್ದ. ಆಗ ಒಂದ್ಗಳಿಗೆ ಅನುಮಾನ ಬಂತು ಕಣಮ್ಮಿ. ಅಷ್ಟ್ ಚೆಂದಾಗಿ ಮಾತಾಡೋ ಮೆಶೀನಿಗಿಂತ ನಂಗೇನ್ ಗೊತ್ತು ಅಂತ ಸುಮ್ಕಾದೆ.”

ಆ ವಾರ ಮ್ಯಾನೇಜರ್ ತನ್ನ ಸುಳ್ಳು ಸಮುದ್ರದ ಮುಂದೆ ಕಾಣಿಸಿಕೊಂಡಾಗ ನಡೆದದ್ದೆಲ್ಲ ಹೇಳಿದೆ. ಅನುಮಾನ ಬಂದಾಗ ಯಂತ್ರ ‘ಯಾವುದು?’ ಎಂದು ತಿರುಗಿ ಕೇಳಲೇಬೇಕು, ನಮ್ಮ ಜನರ ಉಚ್ಚಾರ ಅದಕ್ಕೆ ಬರಲೇಬೇಕು ಎಂದೆ. ಅವನು ಬೇಸರ ವ್ಯಕ್ತಪಡಿಸಿ, ಇದೊಂದು ಅಪರೂಪದ ಪ್ರಕರಣ ಎಂದ. ಮಂಡ್ಯ ಜಿಲ್ಲೆಯಲ್ಲಿ ಮಾತು ಬರುವ ಪ್ರತಿಯೊಬ್ಬರೂ ನಿಮಗೆ ಅಪರೂಪದ ಪ್ರಕರಣವೇ ಎಂದು ಕೇಳಿದೆ. ನಯಾಜ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಕೊನೆಗೆ ಮ್ಯಾನೇಜರ್ ಮೂರು ವಾರ ಕೊಟ್ಟ. ಅಷ್ಟರಲ್ಲಿ ಊರಿನವರ ದನಿಗಳನ್ನು ಕೂಡಿಸಿ ಯಂತ್ರಕ್ಕೆ ಕಲಿಸಿ ತೋರಿಸಿ ಎಂದ.

ದಸರೆಯ ಹೊತ್ತಿಗೆ ಮಳೆ ನಿಂತಿತ್ತು, ನಾಟಿ ಮಾಡಿದ ಪೈರು ಮೊಣಕಾಲುದ್ದ ಬಂದಿತ್ತು. ನಾನು, ನಯಾಜ್ ಮತ್ತೆ ಆ ಡೈರಿಗೆ ಹೋದೆವು. ಹೆಂಗಸರು ಹಾಲು ಹಾಕಿ ಒಬ್ಬೊಬ್ಬರಾಗಿ ಬಂದು ಕೂತು, ನಾವು ಬರೆದುಕೊಟ್ಟ ಪದಗಳನ್ನು ಫೋನಿಗೆ ಹೇಳಿ, ನಕ್ಕು, ಒಬ್ಬರನ್ನೊಬ್ಬರು ಆಡಿಕೊಂಡು ಹೋದರು. ಆಲು, ಊವು, ಅಣ್ಣು, ಒಸ ಅಳ್ಳಿ. ನನಗೆ ಬೇಕಾಗಿದ್ದದ್ದು ಅದೇ.

ಕೊನೆಗೆ ಚಿಕ್ಕವ್ವ ಬಂದಳು. ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ಕೂತಳು. ಗುಂಡಿ ಒತ್ತಿದೆ. ಅವಳು ಉಸಿರು ಎಳೆದುಕೊಂಡು, ಬಾಯಿ ಅಗಲ ಮಾಡಿ, “ಹ… ಹೊನ್ನು,” ಎಂದಳು. ಮುಂದಿನದು “ಹಾಲು.” ಅದಕ್ಕೂ ಅಷ್ಟೇ ಕಷ್ಟಪಟ್ಟಳು. ಹಣೆಯ ನರ ಉಬ್ಬಿತ್ತು.

“ಹಾಗಲ್ಲ ಚಿಕ್ಕವ್ವ. ನೀನು ದಿನಾ ಅನ್ನೋ ಅಂಗೇ ಅನ್ನು. ಒನ್ನು ಅನ್ನು.”

“ಬ್ಯಾಡ ಕಣಮ್ಮಿ, ಕಲ್ತಿವ್ನಿ ಈಗ. ಮೊಮ್ಮಗಳತ್ರ ಯೋಳಿಸ್ಕೊಂಡೆ. ನಾನು ತಪ್ಪು ಮಾತಾಡಿ ಮತ್ತೆ ಯಾರ್ದಾದ್ರೂ ಓಗೋದು ಬ್ಯಾಡ.”

ತಪ್ಪು ನಿನ್ನದಲ್ಲ, ಯಂತ್ರದ್ದು, ನನ್ನದು ಎಂದು ಅವತ್ತು ಎಷ್ಟು ಸಲ ಹೇಳಿದೆನೋ. ಅವಳು ತಲೆಯಾಡಿಸಿ, ಫೋನಿಗೆ ಮತ್ತೆ “ಹೊನ್ನು” ಎಂದಳು. ಅವಳ ದನಿಯ ಒಂದೂ ಪದ ಉಪಯೋಗಕ್ಕೆ ಬರಲಿಲ್ಲ.

ಉಳಿದವರದ್ದೂ ಬರಲಿಲ್ಲ. ಮೂರನೆಯ ವಾರ ಮುಗಿಯುವ ಮೊದಲೇ ಕಂಪನಿಯಿಂದ ಒಂದು ಸಾಲಿನ ಪತ್ರ ಬಂತು. ಕನ್ನಡವನ್ನೇ ಕೈಬಿಟ್ಟಿದ್ದರು, ಯಂತ್ರ ಇನ್ನು ಇಂಗ್ಲಿಷಿನಲ್ಲಿ ಮಾತ್ರ ಮಾತಾಡುತ್ತದಂತೆ. ನಯಾಜ್ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಅಣ್ಣನಿಗೆ ಕೊಟ್ಟ. ನಾನು ಈಗ ಮಂಡ್ಯದ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ.

ಚಿಕ್ಕವ್ವ ಡೈರಿಯಲ್ಲೇ ಇದ್ದಾಳೆ. ಹೆಂಗಸರು ಈಗಲೂ ಅವಳನ್ನೇ ಕೇಳುತ್ತಾರೆ, ಅವಳು ಈಗಲೂ ನೀರು ಹಾಲನ್ನು ವಾಪಸು ಕಳಿಸುತ್ತಾಳೆ. ಹದಿನೈದು ದಿನಕ್ಕೊಮ್ಮೆ ನನಗೆ ಫೋನ್ ಮಾಡುತ್ತಾಳೆ. ಎತ್ತಿದ ಕೂಡಲೇ ಆ ಕಡೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ, ಆಮೇಲೆ ಬಿಡಿಸಿ ಬಿಡಿಸಿ, “ಹಲೋ, ಹೇಗಿದ್ದೀಯ,” ಎನ್ನುತ್ತಾಳೆ. ಬೇರೆ ಯಾರೊಂದಿಗೂ ಅವಳು ಹಾಗೆ ಮಾತಾಡುವುದಿಲ್ಲ ಎಂದು ಅವಳ ಸೊಸೆ ಹೇಳಿದಳು.